ಚಿಕ್ಕಪ್ಪನ ಬೀದಿಗೆ ನಾನು ನೆಟ್ಟ ಕಂಬಗಳು

ಚಾರ್ಟ್ ಮಾಡುವುದು ಚಪಾತಿ ಲಟ್ಟಿಸುವಷ್ಟೇ ಸುಲಭವೆಂದು ನಾನು ಚಿಕ್ಕಪ್ಪನಿಗೆ ಘೋಷಿಸಿದ ದಿನ, ನನಗೆ ಎರಡೂ ಬರುತ್ತಿರಲಿಲ್ಲ.

ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮೇಲೆ ವಿಮಾನಗಳು ಹೊತ್ತಿಗೆ ಸರಿಯಾಗಿ ಹಾರುತ್ತಿದ್ದವು. ಕೆಳಗೆ ಕರೆಂಟಿಲ್ಲದೆ ಚಿಕ್ಕಪ್ಪನ ಮಗ್ಗಗಳು ನಿಂತಿರುತ್ತಿದ್ದವು. ಬಂದಿದ್ದದ್ದು ಒಂದೇ ಹೊಸ ಟ್ರಾನ್ಸ್‌ಫಾರ್ಮರ್. ಕೇಳುವ ಬೀದಿಗಳು ಎರಡು. ಯಾವ ಬೀದಿಯಲ್ಲಿ ಹೆಚ್ಚು ಹೊತ್ತು ಕರೆಂಟ್ ಹೋಗುತ್ತದೋ ಅದಕ್ಕೆ, ಎಂದಿದ್ದರು ವಿದ್ಯುತ್ ಕಚೇರಿಯ ಎಂಜಿನಿಯರ್ ಸಾಹೇಬರು.

"ಮೂರ್ ತಿಂಗ್ಳಿಂದ ದಿನಾ ಎಷ್ಟು ಗಂಟೆ ಹೋಯ್ತು ಅಂತ ಬರ್ದಿಟ್ಟಿದೀನಿ ಕಣೋ. ಈ ಪುಸ್ತಕ ಕೊಟ್ರೆ ಸಾಕಲ್ವಾ?" ಎಂದರು ಚಿಕ್ಕಪ್ಪ.

ನಾನು ಎಂಜಿನಿಯರರ ಮೂಗಿನ ದನಿ ತೆಗೆದೆ: "ಏನ್ರೀ, ಇದನ್ನೆಲ್ಲಾ ಓದ್ಕೊಂಡು ಕೂರೋಕೆ ನಂಗೇನ್ ಬೇರೆ ಕೆಲ್ಸ ಇಲ್ವಾ?"

ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ಪುಸ್ತಕವನ್ನು ನನ್ನ ಕೈಗಿಟ್ಟರು. ಅನಾಹುತಕ್ಕೆ ಅಧಿಕೃತ ಚಾಲನೆ ದೊರೆಯಿತು!

ಕೋಡ್ ಎಡಿಟರ್ ತೆರೆದು ಜಾವಾಸ್ಕ್ರಿಪ್ಟಿನ ಚಾರ್ಟ್ ಲೈಬ್ರರಿಯೊಂದನ್ನು ಜೋಡಿಸಿದೆ. ಮಾದರಿ ಅಂಕಿ ಹಾಕಿದರೆ ಬಣ್ಣದ ಕಂಬಗಳು ಸಾಲಾಗಿ ಎದ್ದು ನಿಂತವು. ಆಮೇಲೆ ಚಿಕ್ಕಪ್ಪನ ಗಂಟೆಗಳನ್ನು ತುಂಬಿದೆ. ಅವರು ೪, ೬, ೭ ಎಂದು ಕನ್ನಡ ಅಂಕಿಗಳಲ್ಲಿ ಬರೆದಿದ್ದರು. ಭಾಷಾಭಿಮಾನಿಯಾದ ನಾನೂ ಹಾಗೆಯೇ ಟೈಪಿಸಿದೆ. ಪರದೆಯ ತುಂಬ ಕೆಂಪು ಅಕ್ಷರ: ಇದು ಸಂಖ್ಯೆಯಲ್ಲ, ಇದು ಸಂಖ್ಯೆಯಲ್ಲ!

ಬುದ್ಧಿ ಇದ್ದವರು ಅದನ್ನು ಓದುತ್ತಾರೆ. ನಾನು ಅದರ ಬಾಯಿ ಮುಚ್ಚಿಸಿದೆ. 'ಅಂಕಿ ಅರ್ಥವಾಗದಿದ್ದರೆ ಸೊನ್ನೆ ಎಂದುಕೋ' ಎಂಬ ಒಂದು ಸಾಲು ಸೇರಿಸಿದೆ, ಅಷ್ಟೇ. ಕೆಂಪು ಮಾಯ! ಕಂಬಗಳನ್ನು ನೋಡೋಣ ಎನ್ನುವಷ್ಟರಲ್ಲಿ ಕರೆಂಟೂ ಮಾಯ. ಮರುದಿನ ಅವಸರದಲ್ಲಿ, ನೋಡದೆಯೇ, ಪೆನ್‌ಡ್ರೈವಿಗೆ ತುಂಬಿಕೊಂಡು ಚಿಕ್ಕಪ್ಪನ ಜೊತೆ ಹೊರಟೆ.

ಕಚೇರಿಯ ಪರದೆಯ ಮೇಲೆ ಚಿಕ್ಕಪ್ಪನ ಮೂರು ತಿಂಗಳು ಚಪ್ಪಟೆಯಾಗಿ ಮಲಗಿದ್ದವು. ಒಂದು ಕಂಬವೂ ಇಲ್ಲ.

"ಎಲ್ಲಾ ಸೊನ್ನೆ. ನಿಮ್ಗೆ ಕರೆಂಟ್ ಹೋಗೋದೇ ಇಲ್ವಲ್ರೀ!" ಎಂದರು ಎಂಜಿನಿಯರ್. ಥೇಟ್ ನನ್ನದೇ ಮೂಗಿನ ದನಿ.

"ಸಾರ್, ಪುಸ್ತಕದಲ್ಲಿ ಐತೆ..." ಎಂದರು ಚಿಕ್ಕಪ್ಪ.

"ಎಲ್ಲಿ ಪುಸ್ತಕ?"

ಮನೆಯಲ್ಲಿ. ನನ್ನ ಕೀಬೋರ್ಡಿನ ಪಕ್ಕದಲ್ಲಿ.

ಅಷ್ಟರಲ್ಲಿ ಕಚೇರಿಯ ಕರೆಂಟೇ ಹೋಯಿತು. ಕತ್ತಲಲ್ಲಿ ಚಿಕ್ಕಪ್ಪ ಮೆಲ್ಲಗೆ ಹೇಳಿದರು: "ಇದ್ನೂ ಸೊನ್ನೆ ಅಂತ್ಲೇ ಬರ್ಕೊಳಿ ಸಾರ್."

ಯಾರೂ ನಗಲಿಲ್ಲ. ನಾವು ಪುಸ್ತಕ ಹಿಡಿದು ಮತ್ತೆ ಓಡಿ ಬರುವಷ್ಟರಲ್ಲಿ ಪಕ್ಕದ ಬೀದಿಯ ಹೆಸರಿಗೆ ಸಹಿ ಬಿದ್ದಾಗಿತ್ತು.

ದೀಪಾವಳಿಯ ಹೊತ್ತಿಗೆ ಚಿಕ್ಕಪ್ಪ ಇದ್ದ ಮೂರು ಮಗ್ಗಗಳಲ್ಲಿ ಎರಡನ್ನು ಗುಜರಿಗೆ ಮಾರಿದರು. ಬಿಚ್ಚಲು ಕೈ ಸಾಲದೆ ನನ್ನನ್ನೂ ಕರೆದರು.

"ಬಾರೋ. ಬೋಲ್ಟ್ ಬಿಚ್ಚೋಕೆ ಅಂಕಿ ಓದೋದೇನ್ ಬೇಡ."

ಪ್ರಾಯಶ್ಚಿತ್ತವೆಂದು ತಲೆತಗ್ಗಿಸಿ, ಸ್ಪ್ಯಾನರ್ ಹಿಡಿದು ಕೂತೆ. ಮಿಮಿಕ್ರಿಯ ಸುದ್ದಿಗೇ ಹೋಗಲಿಲ್ಲ. ನಾಲ್ಕನೆಯ ಬೋಲ್ಟ್ ಬಿಚ್ಚುವಾಗ ಚಿಕ್ಕಮ್ಮ ಕಿರುಚಿದರು:

"ಅಯ್ಯೋ, ಅದು ಮಾರಿದ್ದಲ್ಲ ಕಣೋ! ಅದೊಂದೇ ಉಳಿಸ್ಕೊಂಡಿರೋದು!"