ಕುಪ್ಪೇಲೂರಿಗೆ ಹೋದ ಮದುವೆ ಬಸ್ಸು

ಕಂಪ್ಯೂಟರು ತಪ್ಪುವುದಿಲ್ಲ ಎಂದು ಜಂಬ ಕೊಚ್ಚುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಎರಡು ಸಾವಿರದ ದಶಕದಲ್ಲಿ ನಾನು ಹಾವೇರಿಯಿಂದ ದಿನಾ ಬಸ್ಸು ಹತ್ತಿ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಿದ್ದೆ. ಅಂಗಡಿಗೆ ಬರುವ ರೈತರ ವಿವರವನ್ನು ಗುಮಾಸ್ತರು ಅವರು ಬಂದಾಗಲೆಲ್ಲ ಒಂದು ಸಾಲಿನಂತೆ, ನಡುವೆ ಕಾಮಾ ಹಾಕಿ ಟೈಪ್ ಮಾಡುತ್ತಿದ್ದರು. ಅದನ್ನು ಗುಂಪು ಮಾಡಿ ಎಣಿಸಲು ನಾನೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು ಬರೆದೆ. ಸುಖವಾಗಿದ್ದೆ.

೧. ಸಾವಕಾಶ ಎಣಿಕೆ

ಎಂಟರ್ ಒತ್ತಿದೊಡನೆ ಲೆಕ್ಕ ಬಂತು. ಅಂಗಡಿಯ ಸಾಹುಕಾರರು ಮುಖ ಸಿಂಡರಿಸಿದರು. "ಇಷ್ಟ ಲಗೂ ಎಣಿಸಿದ್ರ ತಪ್ಪಿರತೈತಿ. ಇನ್ನೊಮ್ಮೆ ಸಾವಕಾಶ ಎಣಿಸಪಾ."

ಅವರು ಚಹಾ ಕುಡಿದು ಬರುವವರೆಗೆ ಸುಮ್ಮನೆ ಕೂತೆ. ಬಂದ ಮೇಲೆ ಅದೇ ಅಂಕಿ ತೋರಿಸಿದೆ.

"ಹಾಂ, ಈಗ ಬರೋಬ್ಬರಿ ಆತ ನೋಡು," ಎಂದರು.

೨. ಒಬ್ಬರೇ ಇಬ್ಬರು

ಒಬ್ಬ ರೈತರನ್ನು ಸ್ಕ್ರಿಪ್ಟು ಇಬ್ಬರೆಂದು ಎಣಿಸಿತ್ತು. ಒಂದು ಸಾಲಿನಲ್ಲಿ ಹೆಸರಿನ ಮುಂದೆ 'ಗೌಡ್ರು' ಎಂದಿತ್ತು, ಇನ್ನೊಂದರಲ್ಲಿ ಬರೀ ಹೆಸರು. ಗುಮಾಸ್ತರನ್ನು ಕೇಳಿದೆ.

"ಮಾಲ್ ತಂದಾಗ ಗೌಡ್ರು," ಎಂದರು. "ಬರೇ ಚಾ ಕುಡ್ಯಾಕ ಬಂದಾಗ ಗೌಡ್ರು ಹೆಂಗಾಗ್ತಾರ?"

೩. ಬಸ್ಸು

ಸಾಹುಕಾರರ ಮಗಳ ಮದುವೆ ಬಂತು. ಮಂಟಪ ರಾಣೆಬೆನ್ನೂರಿನಲ್ಲಿ. "ಬೀಗರ ಮುಂದ ಖುರ್ಚಿ ಖಾಲಿ ಕಂಡ್ರ ನನ್ನ ಮರ್ಯಾದಿ ಹೋತು. ನಮ್ಮ ರೈತರು ಹೆಚ್ಚಿಗಿ ಇರೋ ಊರಿಗೆ ಬಸ್ಸ ಕಳಸೂಣು, ಎಣಿಸು," ಎಂದರು.

ಸಾಲಿನಲ್ಲಿ ಹೆಸರಾದ ಮೇಲೆ, ಕಾಮಾದಾಚೆ ಇದ್ದುದು ಊರೆಂದು ತಿಳಿದು ಎಣಿಸಿದೆ. ಎಲ್ಲಕ್ಕಿಂತ ಮೇಲೆ ಕುಪ್ಪೇಲೂರು ಬಂತು. ಬಸ್ಸು ಹೊರಟಿತು.

ಮದುವೆಯ ದಿನ ಮಂಟಪದ ಬಾಗಿಲಲ್ಲಿ ಬಸ್ಸು ಕುಪ್ಪೇಲೂರಿಗೆ ಹೋಗಿದೆ ಎಂದು ಹೇಳಿದಾಗ ಗುಮಾಸ್ತರು ಹಣೆ ಬಡಿದುಕೊಂಡರು. "ಅದು ಅಡ್ಡಹೆಸರೋ ಮಾರಾಯಾ! ಕುಪ್ಪೇಲೂರ ಬಿಟ್ಟು ಬಂದವರಿಗೆ ಕುಪ್ಪೇಲೂರ ಅಂತಾರ, ಅಲ್ಲೇ ಇರೋರಿಗೆ ಯಾಕ ಅಂತಾರ? ಅವರೆಲ್ಲಾ ಇರೋದು ಕಾಗಿನೆಲ್ಯಾಗ!"

ನಾನು ಮಂಟಪದೊಳಗೆ ಇಣುಕಿದೆ. ಖುರ್ಚಿಗಳು ಖಾಲಿ ಇದ್ದವು, ಬೀಗರು ಅತ್ತಿತ್ತ ನೋಡುತ್ತಿದ್ದರು. ಅಷ್ಟರಲ್ಲಿ ಬಸ್ಸು ಬಂತು. ಒಳಗೆ ಕಾಲಿಡಲು ಜಾಗವಿರಲಿಲ್ಲ, ಟಾಪಿನ ಮೇಲೂ ಜನ ಕೂತಿದ್ದರು. ಖುರ್ಚಿಗಳೆಲ್ಲ ತುಂಬಿದವು. "ಭಾಳ ದೊಡ್ಡ ಬಳಗ ಬಿಡ್ರಿ ನಿಮ್ದು," ಎಂದು ಬೀಗರು ಬೆರಗಾದರು. ನನಗೆ ಹೋದ ಜೀವ ಬಂದಂತಾಯಿತು.

ಆದರೆ ಬಂದವರಲ್ಲಿ ಒಬ್ಬರದೂ ಮುಖಪರಿಚಯವಿಲ್ಲ. ಸಾಹುಕಾರರು ಒಬ್ಬ ಹಿರಿಯರ ಹತ್ತಿರ ಹೋಗಿ ಮೆಲ್ಲಗೆ, "ತಾವು ಯಾರ ಪೈಕಿ ಆತ್ರೀ?" ಎಂದು ಕೇಳಿದರು.

ಹಿರಿಯರು ತಲೆಯ ಪಟಕಾ ಸರಿಮಾಡಿಕೊಂಡರು. "ಊರಿಗೆ ಊರೇ ಬರ್ರಿ ಅಂತ ಬಸ್ಸ ಕಳಿಸಿದವರು ನೀವು. ನಾವು ಯಾರಂತ ನಮ್ಮನ್ನ ಕೇಳತೀರಲ್ರೀ!"