ಶಿರ್ವದಲ್ಲಿ ಅರ್ಧಕ್ಕೆ ನಿಂತ ಕತೆ

ಬುದ್ಧಿ ಹೇಳುವುದು ನನ್ನಿಂದ ಆಗದ ಕೆಲಸ. ತಲೆ ನರೆಯುವ ಹಾಗೆ ಅದೂ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ತಲೆ ನರೆಯಿತು, ಅಷ್ಟೆ. ನಾನು ಊರ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಓದಿದವಳು. ಮಾಷ್ಟ್ರು ಹೆಸರು ಕರೆದಾಗ "ಬಂದಿದ್ದೇನೆ" ಎನ್ನಲು ನಾಚಿಕೆಯಾಗಿ ಸುಮ್ಮನೆ ಕೂತುಬಿಡುತ್ತಿದ್ದೆ. ಹಾಗಾಗಿ ದಿನವೂ ಶಾಲೆಗೆ ಹೋದ ನನಗೆ ಹಾಜರಿ ಪುಸ್ತಕದಲ್ಲಿ ಅರ್ಧಕ್ಕರ್ಧ ಗೈರುಹಾಜರಿ. ಅಂಥವಳು ಎದುರು ಕೂತು ಯಾರಿಗೆ ಏನು ಹೇಳಲಿ? ಬರೆಯುವುದಾದರೆ ಆದೀತು. ಕಾಗದ ತಿರುಗಿ ನನ್ನ ಮುಖ ನೋಡುವುದಿಲ್ಲ. ಆದ್ದರಿಂದ ಮೊಮ್ಮಕ್ಕಳೇ, ಬರೆಯುತ್ತಿದ್ದೇನೆ. ಇದರಲ್ಲಿ ಬರುವವರೆಲ್ಲ ಮಾತಾಡಿದ್ದು ತುಳುವಿನಲ್ಲಿ; ಮುಂಬಯಿಯಲ್ಲಿರುವ ನಿಮಗೆ ತುಳು ಓದಿ ಅಭ್ಯಾಸವಿಲ್ಲವೆಂದು ಕನ್ನಡದಲ್ಲಿ ಹಾಕಿದ್ದೇನೆ.

ಬುದ್ಧಿಯ ಮಾತು ನಿಮ್ಮ ಅಜ್ಜನ ಇಲಾಖೆ. ಕಾರ್ಕಳದಿಂದ ಹೊರಟು ಬೆಳ್ಮಣ್, ಶಿರ್ವ ದಾಟಿ ಕಾಪುವಿಗೆ ಹೋಗುವ ಬಸ್ಸಿನಲ್ಲಿ ಅವರು ಕಂಡಕ್ಟರು. ಟಿಕೇಟು ಹರಿಯುತ್ತಲೇ ಕತೆ ಹೇಳುತ್ತಿದ್ದರು. ಯಾವಾಗಲೂ ಒಬ್ಬ ದಾರಿಹೋಕನ ಕತೆ. ತಾನು ಯಾಕೆ ಹುಟ್ಟಿದ್ದೇನೆ ಎಂದು ಕೇಳಿ ತಿಳಿಯಲು ಅವನು ಮನೆ ಬಿಟ್ಟು ಹೊರಡುತ್ತಾನೆ. ಬಸ್ಸು ಬೆಳ್ಮಣ್ ಮುಟ್ಟುವಾಗ ಅವನು ಒಂದು ಹೊಳೆ ಮುಟ್ಟುತ್ತಾನೆ. ತಲೆಯ ಮೇಲಿನ ಗಂಟು ಇಳಿಸಿದರೆ ಮಾತ್ರ ದಾಟಿಸುತ್ತೇನೆ ಎನ್ನುತ್ತಾನೆ ದೋಣಿಯವನು. ಬಿಚ್ಚಿ ನೋಡಿದರೆ ಗಂಟಿನಲ್ಲಿ ಇರುವುದೆಲ್ಲ ಬೇರೆಯವರು ಹೊರಿಸಿದ ಸಾಮಾನು. ಹೊಳೆ ದಾಟಿದ ಮೇಲೆ ದಾರಿ ಮೂರಾಗಿ ಒಡೆಯುತ್ತದೆ. ಅಲ್ಲಿ ಒಬ್ಬಳು ಮುದುಕಿ ಕೂತಿರುತ್ತಾಳೆ. ಯಾವ ದಾರಿ ಹಿಡಿಯಲಿ ಎಂದು ಇವನು ಕೇಳುತ್ತಾನೆ. ಮುದುಕಿ ತಲೆ ಎತ್ತಿ ಬಾಯಿ ತೆರೆಯುತ್ತಾಳೆ.

"ಶಿರ್ವ, ಶಿರ್ವ. ಇಳಿಯುವವರು ಮುಂದೆ ಬನ್ನಿ."

ನನ್ನ ತವರು ಕಾರ್ಕಳದ ಹತ್ತಿರ, ಗಂಡನ ಮನೆ ಶಿರ್ವ. ಎಷ್ಟು ಸಲ ತವರಿನಿಂದ ಬಂದರೂ ಮುದುಕಿ ಬಾಯಿ ತೆರೆಯುವಾಗ ನಾನು ಇಳಿಯುವುದೇ. ಮನೆಯಲ್ಲಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಹಗಲಿಡೀ ಬಸ್ಸಿನಲ್ಲಿ ಸ್ವರ ಸವೆಸಿದ ಮನುಷ್ಯ ಮನೆಗೆ ಬಂದರೆ ತುಟಿ ಬಿಚ್ಚುತ್ತಿರಲಿಲ್ಲ. ಸಾರು ಬೇಕಾದರೆ ಕೈಸನ್ನೆ. ಸಾಕಾದರೆ ಬಟ್ಟಲಿನ ಅಂಚಿಗೆ ಎರಡು ಸಲ ತಟ್ಟುತ್ತಿದ್ದರು, ಬಸ್ಸಿಗೆ ರೈಟ್ ಕೊಟ್ಟ ಹಾಗೆ. ನನಗೂ ಕೇಳಲು ನಾಚಿಕೆ. ಹೀಗೆ ಮೂವತ್ತೆಂಟು ವರ್ಷ ಸಂಸಾರವೇನೋ ಚೆನ್ನಾಗಿಯೇ ನಡೆಯಿತು. ಕತೆ ಮಾತ್ರ ಅರ್ಧದಲ್ಲಿ ನಿಂತು, ಅವರು ಹೋಗಿಬಿಟ್ಟರು.

ಆ ಅರ್ಧ ಕತೆಯಿಂದ ನನಗೆ ಕಷ್ಟ ಬಂದದ್ದು ಕಳೆದ ವರ್ಷ. ನಿಮ್ಮ ದೊಡ್ಡಪ್ಪನ ಮಗಳು ನಿಶ್ಮಿತಾ ಮಣಿಪಾಲದಲ್ಲಿ ಫಿಸಿಯೋಥೆರಪಿ ಓದುತ್ತಾಳಲ್ಲ, ಕೈಕಾಲು ಸ್ವಾಧೀನ ಇಲ್ಲದವರಿಗೆ ವ್ಯಾಯಾಮ ಮಾಡಿಸುವ ವಿದ್ಯೆ. ಒಂದು ಶುಕ್ರವಾರ ಅವಳು ಹಾಸ್ಟೆಲಿನಿಂದ ಬ್ಯಾಗಿನ ಜೊತೆ ಬಕೆಟನ್ನೂ ಹಿಡಿದುಕೊಂಡು ಬಂದಳು. ಬಕೆಟು ನೋಡಿದ ಕೂಡಲೇ ನನ್ನ ಸೊಸೆ ಸುಜಾತಳ ಮುಖ ಬಾಡಿತು. ಎರಡು ದಿನದ ರಜೆಗೆ ಬರುವವರು ಬಕೆಟು ತರುವುದಿಲ್ಲ.

"ಇನ್ನು ನಾನು ಹೋಗುವುದಿಲ್ಲ" ಎಂದಳು ಹುಡುಗಿ. "ಮೇಡಂ ಎಲ್ಲರ ಎದುರು ಹೇಳಿದ್ರು. ನಿನ್ನ ಸ್ವರ ಮಂಚದವರೆಗೇ ಮುಟ್ಟುವುದಿಲ್ಲ, ಪೇಶೆಂಟ್ ಕಾಲು ಎತ್ತುವುದು ಹೇಗೆ ಅಂತ."

ಅವಳ ಮೂಗು ಅಪ್ಪನದ್ದು, ಕೂದಲು ಅಮ್ಮನದ್ದು. ಸ್ವರ ಯಾರದ್ದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಸೋಮವಾರ ಕ್ಲಾಸಿಗೆ ಹೋಗದಿದ್ದರೆ ಹಾಜರಿ ಸಾಲದೆ ವರ್ಷವೇ ಹೋಗುತ್ತದಂತೆ. ಸುಜಾತ ಅಡುಗೆಮನೆಗೆ ಬಂದು, "ಅತ್ತೆ, ನಮ್ಮ ಮಾತು ಅವಳ ಕಿವಿಗೆ ಹೋಗುವುದಿಲ್ಲ. ನೀವು ಮಾವನ ಒಂದು ಕತೆ ಹೇಳಿ ನೋಡಿ" ಎಂದಳು. ನಾನು ಬಸಳೆ ಬಿಡಿಸುತ್ತ, ಮುಖ ಸೊಪ್ಪಿನ ಕಡೆಗೇ ಇಟ್ಟುಕೊಂಡು, ದಾರಿಹೋಕನನ್ನು ಹೊಳೆ ದಾಟಿಸಿ ಮುದುಕಿಯ ಎದುರು ತಂದು ನಿಲ್ಲಿಸಿದೆ.

"ಮುದುಕಿ ಎಂತ ಹೇಳಿದಳು?"

"ಗೊತ್ತಿಲ್ಲ. ನಾನು ಶಿರ್ವದಲ್ಲಿ ಇಳಿದೆ."

ಅವಳು ಬಂದ ಮೇಲೆ ಮೊದಲ ಸಲ ನಕ್ಕಳು. "ಅಜ್ಜಿ, ನಾನು ಮುಂದೆ ಎಂತ ಮಾಡುವುದು ಅಂತ ಕೂತಿದ್ದೇನೆ, ನೀವು ನಡುದಾರಿಯಲ್ಲಿ ಬಸ್ಸಿಂದ ಇಳಿತೀರಲ್ಲ. ಕಾಪುವರೆಗೆ ಹೋದವರು ಯಾರಾದ್ರೂ ಇರ್ಬೇಕಲ್ವಾ?"

ಇದ್ದರು. ಕಾಪುವಿನಾಚೆ ಎರ್ಮಾಳಿನ ಲಲಿತಕ್ಕ. ಮೀನು ಮಾರಿ, ಖಾಲಿ ಬುಟ್ಟಿ ಹಿಡಿದು ದಿನಾ ಅದೇ ಬಸ್ಸಿನಲ್ಲಿ ಕಾಪುವಿಗೆ ಮರಳುತ್ತಿದ್ದವಳು. ಶನಿವಾರ ನಾವಿಬ್ಬರೂ ಎರ್ಮಾಳಿನಲ್ಲಿ ಇಳಿದೆವು. ಲಲಿತಕ್ಕನ ಮನೆ ಎಲ್ಲಿ ಎಂದು ಕೇಳಬೇಕು. ಅಂಗಡಿಯ ಬೆಂಚಿನಲ್ಲಿ ನಾಲ್ಕು ಗಂಡಸರು ಕೂತಿದ್ದರು. "ನೀನು ಕೇಳು" ಎಂದೆ. "ನೀವು ದೊಡ್ಡವರು, ನೀವು ಕೇಳಿ" ಎಂದಳು. ನಾನು ಸೆರಗು ಸರಿಮಾಡಿಕೊಂಡೆ, ಅವಳು ಮೊಬೈಲು ಒರೆಸಿದಳು. ಹತ್ತು ನಿಮಿಷ ಹೀಗೆ ನಿಂತ ಮೇಲೆ ಆ ಗಂಡಸರೇ ನಮ್ಮನ್ನು ನೋಡಿ ನಾಚಿ ತಲೆ ತಗ್ಗಿಸಿದರು. ಕೊನೆಗೆ ನಿಶ್ಮಿತಾ ಬೆಂಚಿನ ಹತ್ತಿರ ಹೋಗಿ, ಮೂಲೆಯಲ್ಲಿದ್ದ ಮುದುಕರ ಕಿವಿಯ ಬಳಿ ಬಾಗಿ ಕೇಳಿದಳು. ಅವರು ಎದ್ದು ಬಂದು ಮನೆಯವರೆಗೆ ಬಿಟ್ಟುಹೋದರು.

ಲಲಿತಕ್ಕ ಯೋಚನೆ ಮಾಡಿ ಹೇಳಿದಳು: "ಶಿರ್ವ ದಾಟಿದ್ರೆ ನಂಗೆ ನಿದ್ದೆ ಮಾರಾಯ್ತಿ. ಕಾಪುವಲ್ಲಿ ನಿನ್ನ ಗಂಡ ಬುಟ್ಟಿಗೆ ತಟ್ಟಿ ಎಬ್ಬಿಸ್ಬೇಕು. ಆದ್ರೆ ಆ ಮುದುಕಿ ಊಟ ಆಯ್ತಾ ಅಂತ ಕೇಳಿರ್ಬೇಕು. ದಾರಿಯಲ್ಲಿ ಹೋಗುವವನ ಹತ್ರ ಮತ್ತೆಂತ ಕೇಳುವುದು?" ಹಾಗೆ ಹೇಳಿದವಳು ನಮಗೆ ಊಟ ಮಾಡಿಸದೆ ಬಿಡಲಿಲ್ಲ. ಬಂಗುಡೆ ಸಾರು ಬಹಳ ರುಚಿಯಾಗಿತ್ತು. ಕತೆ ಮಾತ್ರ ಮುಂದೆ ಹೋಗಲಿಲ್ಲ.

ಉಳಿದವರು ಅದೇ ಬಸ್ಸಿನ ಡ್ರೈವರ್ ಸಂಜೀವಣ್ಣ ಒಬ್ಬರೇ. ಆದಿತ್ಯವಾರ ಬೆಳ್ಮಣ್‌ಗೆ ಹೋದೆವು. ಅವರು ಮನೆಯ ಚಾವಡಿಯಲ್ಲಿ ಮರದ ಕುರ್ಚಿಯ ಮೇಲೆ, ಬಲಗಾಲನ್ನು ಸ್ಟೂಲಿಗೆ ಚಾಚಿ ಕೂತಿದ್ದರು. ಮಂಡಿಯ ಆಪರೇಶನ್ ಆಗಿ ಎರಡು ತಿಂಗಳು. ಇಂಜಿನಿನ ಪಕ್ಕ ಕೂತೂ ಕೂತೂ ಒಂದು ಕಿವಿ ಹೋಗಿದೆ. ನಾನು ಮೊಮ್ಮಗಳನ್ನು ಮುಂದಕ್ಕೆ ನೂಕಿ ಕಂಬದ ಮರೆಯಲ್ಲಿ ನಿಂತೆ. ಅವಳು ಅವರ ಒಳ್ಳೆಯ ಕಿವಿಯ ಕಡೆ ಹೋಗಿ ವಿಷಯ ಹೇಳಿದಳು. ಸಂಜೀವಣ್ಣ ಕುರ್ಚಿ ಅಲುಗುವಷ್ಟು ನಕ್ಕರು.

"ಅದಕ್ಕೆ ಕೊನೆ ಎಲ್ಲಿ ಉಂಟು? ಜನ ಹತ್ತಿದವರು ಬಾಗಿಲಲ್ಲೇ ನೇತಾಡ್ತಾರೆ. ಒಳಗೆ ಹೋಗಿ, ಹಿಂದೆ ಹೋಗಿ ಅಂತ ಬೊಬ್ಬೆ ಹೊಡೆದ್ರೂ ಒಬ್ಬ ಕದಲುವುದಿಲ್ಲ. ನಿನ್ನ ಅಜ್ಜ ಎಂತ ಮಾಡ್ತಿದ್ದ ಗೊತ್ತುಂಟಾ? ಹಿಂದಿನ ಸೀಟಿನ ಹತ್ರ ನಿಂತು ಮೆಲ್ಲ ಸ್ವರದಲ್ಲಿ ಕತೆ ಶುರು ಮಾಡುವುದು. ಕೇಳುವುದಿಲ್ಲ ಅಂತ ಎಲ್ಲರೂ ಹಿಂದೆ ಹಿಂದೆ ಹೋಗ್ತಿದ್ರು. ಬಾಗಿಲು ಖಾಲಿ. ಶಿರ್ವದಲ್ಲಿ ಅರ್ಧ ಬಸ್ಸು ಇಳಿತದೆ. ಮತ್ತೆ ಕತೆ ಯಾಕೆ?"

ಕಂಬದ ಮರೆಯಲ್ಲಿ ನನಗೆ ಹೇಗೋ ಆಯಿತು. ಮೂವತ್ತೆಂಟು ವರ್ಷ ನಾನು ಒಬ್ಬ ವೇದಾಂತಿಗೆ ಸಾರು ಬಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಆಮೇಲೆ ಅನಿಸಿತು: ಬಾಗಿಲಲ್ಲಿ ನಿಂತವರು ತಿರುವಿನಲ್ಲಿ ಬೀಳಬಾರದು ಎಂದು ದಿನಾ ಒಂದು ಕತೆ ಕಟ್ಟುವುದು ವೇದಾಂತಕ್ಕಿಂತ ಕಡಿಮೆಯೇನಲ್ಲ. ದಾರಿಹೋಕನಿಗೆ ಉತ್ತರ ಸಿಗದಿದ್ದರೇನು, ಎಲ್ಲರೂ ಅವರವರ ಊರಲ್ಲಿ ಕೈಕಾಲು ನೆಟ್ಟಗಿಟ್ಟುಕೊಂಡು ಇಳಿದರಲ್ಲ.

ನಿಶ್ಮಿತಾಳ ಮನಸ್ಸು ಮಾತ್ರ ಬೇರೆಯೇ ಮಾತಿಗೆ ಅಂಟಿಕೊಂಡಿತ್ತು. "ಮೆಲ್ಲ ಸ್ವರದಲ್ಲಿಯಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಅವಳ ಕಣ್ಣು ಸ್ಟೂಲಿನ ಮೇಲಿದ್ದ ಕಾಲಿಗೆ ಬಿತ್ತು.

"ವ್ಯಾಯಾಮ ಮಾಡ್ತೀರಾ?"

"ಆಸ್ಪತ್ರೆಯಲ್ಲಿ ಒಬ್ಬ ದೂರ ನಿಂತು ಎತ್ತಿ, ಎತ್ತಿ ಅಂತ ಬೊಬ್ಬೆ ಹೊಡಿತಿದ್ದ. ಅವನ ಮೇಲಿನ ಸಿಟ್ಟಿಗೆ ನಾನು ಎತ್ತಲೇ ಇಲ್ಲ."

ಅವಳು ಸ್ಟೂಲು ಸರಿಸಿ ಅವರ ಕಾಲಬುಡದಲ್ಲಿ ಕೂತಳು. ಹಿಮ್ಮಡಿಯ ಕೆಳಗೆ ಒಂದು ಅಂಗೈ, ಮಂಡಿಯ ಮೇಲೆ ಇನ್ನೊಂದು. ಏನು ಹೇಳಿದಳೋ ಎರಡು ಮಾರು ದೂರದ ನನಗೆ ಕೇಳಿಸಲಿಲ್ಲ. ಸಂಜೀವಣ್ಣ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು. ಬಾಗಿದ್ದೇ ನೆವ, ಮಂಡಿ ಮಡಚಿತು. ಮತ್ತೆ ಅವಳೇನೋ ಹೇಳಿದಳು, ಕಾಲು ಮೇಲೆ ಬಂತು. ಗೇಣಿನಷ್ಟೇ. ಒಳಗಿನಿಂದ ಅವರ ಹೆಂಡತಿ ಲೋಟ ಹಿಡಿದುಕೊಂಡು ಬಂದವರು ಅಲ್ಲೇ ನಿಂತು ನೋಡಿದರು.

ಮರಳುವಾಗ ಬಸ್ಸಿನಲ್ಲಿ ಅವಳು ಹೇಳಿದಳು: "ಮೇಡಂಗೆ ನನ್ನ ಸ್ವರ ಕೇಳದಿದ್ರೆ ಪರವಾಗಿಲ್ಲ ಅಜ್ಜಿ. ಮಂಚದಲ್ಲಿ ಇರುವವರಿಗೆ ಕೇಳಿದ್ರೆ ಸಾಕಲ್ವಾ? ನಾನೇ ಹತ್ತಿರ ಹೋಗ್ತೇನೆ." ಸೋಮವಾರ ಬೆಳಿಗ್ಗೆ ಮಣಿಪಾಲಕ್ಕೆ ಹೊರಟಳು. ಸುಜಾತ ಹಿಂದಿನಿಂದ ಓಡಿಹೋಗಿ ಮರೆತ ಬಕೆಟು ಕೊಟ್ಟು ಬಂದಳು.

ಮೊನ್ನೆ ಅವಳ ಫೋನು. ಕೊನೆಯ ವರ್ಷಕ್ಕೆ ಬಂದಿದ್ದಾಳೆ. "ಅಜ್ಜಿ, ನಿಜ ಹೇಳಿ. ಎರ್ಮಾಳಿನಲ್ಲಿ ನೀವು ಬಾಯಿ ಬಿಡದೆ ನಿಂತದ್ದು, ಸಂಜೀವಜ್ಜನ ಮನೆಯಲ್ಲಿ ಕಂಬದ ಹಿಂದೆ ಹೋದದ್ದು, ಎಲ್ಲ ನನ್ನಿಂದ್ಲೇ ಮಾತಾಡಿಸ್ಲಿಕ್ಕೆ ಅಲ್ವಾ? ಮೇಡಂಗೆ ಹೇಳಿದೆ. ನಿನ್ನ ಅಜ್ಜಿ ಭಾರೀ ಬುದ್ಧಿವಂತೆ ಅಂದ್ರು."

ಎರ್ಮಾಳಿನಲ್ಲಿ ನಿಜವಾಗಿಯೂ ನನಗೆ ಬಾಯಿ ಬಂದಿರಲಿಲ್ಲ. ಇನ್ನೊಂದು ನಿಮಿಷ ಕಳೆದಿದ್ದರೆ ಎದುರಿನ ಬಸ್ಸು ಹತ್ತಿ ಮನೆಗೆ ಬರುವವಳಿದ್ದೆ. ಆದರೆ ಹುಟ್ಟಿದ ಮೇಲೆ ಯಾರೂ ನನ್ನನ್ನು ಬುದ್ಧಿವಂತೆ ಎಂದದ್ದಿಲ್ಲ. ಅಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು.