ನನ್ನ ಸ್ವರ್ಗ ರದ್ದಾದ ವಾರ

ಹೊನ್ನಾಳೀಲಿ ನಮ್ಮದೊಂದು ಹೊಲಿಗೆ ಅಂಗಡಿ. ಒಂದು ಮಷೀನು ನನ್ನದು, ಇನ್ನೊಂದು ಬೀಬಿದು. ಬೀಬಿ ಪಕ್ಕ ಕೂತ ಮೇಲೆ ಎದೆ ಧಸಕ್ಕನ್ನೋ ಸುದ್ದಿಗೇನೂ ಬರವಿಲ್ಲ. ಆದ್ರೆ ಈ ರಂಜಾನಿಗೆ ಮುಂಚೆ ಆಗಿದ್ದನ್ನ ಇನ್ನೂ ಜೀರ್ಣಿಸಿಕೊಳ್ಳಾಕೆ ಆಗಿಲ್ಲ.

೧. ಸೀಟು ಸಿಕ್ಕಿದ್ದು

ಬೀಬಿ ಹೆಂಗಸರ ಕುರಾನ್ ಕ್ಲಾಸಿಗೆ ಹೋಗ್ತಾಳೆ. ಒಂದು ಶುಕ್ರವಾರ ಬಂದವಳೇ, "ಅಕ್ಕಾ, ದೇವರನ್ನ ನಂಬಿ ಒಳ್ಳೇದು ಮಾಡಿದ ಬೇರೆ ಮತದೋರೂ ಹೆದರಬೇಕಿಲ್ಲ ಅಂತ ಕುರಾನಿನಾಗೆ ಒಂದು ಆಯತ್, ನಿಮ್ಮ ವಚನ ಇದ್ದಂಗೆ, ಐತಂತೆ. ನೀನೂ ಬರ್ತೀಯ ಬಿಡು" ಅಂದ್ಲು.

ನಾನು ರವಿಕೆಗೆ ಹುಕ್ಕು ಹಾಕ್ತಿದ್ದೆ. "ಎಲ್ಲಿಗೆ?" ಅಂದೆ.

"ಸ್ವರ್ಗಕ್ಕೆ."

ನಾನು ಅರ್ಜಿನೇ ಹಾಕಿರಲಿಲ್ಲ.

೨. ಸೀಟು ಹೋಗಿದ್ದು

ಮುಂದಿನ ಶುಕ್ರವಾರ ಅತ್ತು ಕಣ್ಣು ಊದಿಸಿಕೊಂಡು ಬಂದ್ಲು. ಆ ಆಯತ್ತನ್ನ ಆಮೇಲೆ ಬಂದ ಇನ್ನೊಂದು ಆಯತ್ ರದ್ದು ಮಾಡೈತೆ ಅಂತ ಕೆಲವರು ಹೇಳ್ತಾರಂತೆ.

"ಗಿರಾಕಿ ಕೊನೆಗೆ ಹೇಳಿದ ಅಳತೆನೇ ಖಾಯಂ ಅಲ್ವಾ ಅಕ್ಕಾ, ಹಂಗೆ."

ಬೀಬಿ ಮಧ್ಯಾಹ್ನ ರೊಟ್ಟಿ ಮುಟ್ಟಲಿಲ್ಲ. "ನೀನಿಲ್ದೆ ನಾನೊಬ್ಬಳೇ ಅಲ್ಲಿ ಏನು ಮಾಡ್ಲಿ" ಅಂತ ಒಂದೇ ಸಮ. ಕೊನೆಗೆ ಸಮಾಧಾನ ಮಾಡಾಕೆ ಕೂತೋಳು ನಾನೇ, ನರಕಕ್ಕೆ ಹೋಗೋಳು.

೩. ನ್ಯಾಮತಿ ಮೌಲ್ವಿಯೋರು

ಬೀಬಿಯ ಸೋದರಮಾವ ನ್ಯಾಮತೀಲಿ ಮೌಲ್ವಿ, ವಯಸ್ಸಾದೋರು. ಬಸ್ಸು ಹತ್ತಿ ಇಬ್ಬರೂ ಹೋದ್ವಿ. ಎಲ್ಲಾ ಕೇಳಿಸಿಕೊಂಡು ಹೇಳಿದ್ರು: "ದೇವರ ಅಪ್ಪಣೆ ಬದಲಾಗಬಹುದು, ಕೊಟ್ಟ ಮಾತು ರದ್ದಾಗಲ್ಲ ಅನ್ನೋ ದೊಡ್ಡ ಪಂಡಿತರೂ ಅದಾರೆ. ತೀರ್ಪು ಅಲ್ಲಾಹನದು. ನನ್ನದೂ ಅಲ್ಲ, ಆ ಕ್ಲಾಸಿನೋರದ್ದೂ ಅಲ್ಲ."

ಬೀಬಿ ಮುಖ ಅರಳ್ತು. ಅಷ್ಟಕ್ಕೇ ಎದ್ದು ಬರಬೇಕಿತ್ತು. ಮೌಲ್ವಿಯೋರು ನನ್ನ ಕಡೆ ತಿರುಗಿ, "ಅದಿರಲಿ ತಾಯಿ, ನಿಮ್ಮ ಕೈಲಾಸಕ್ಕೆ ನಮ್ಮ ಹುಡುಗೀನ ಬಿಡ್ತಾರೇನು?" ಅಂದ್ರು.

"ನಮ್ಮತ್ತೇನ ಕೇಳ್ತೀನಿ" ಅಂದೆ. ಇಷ್ಟು ವರ್ಷದಲ್ಲಿ ಆ ಯೋಚನೆನೇ ಬಂದಿರಲಿಲ್ಲ. ಬೀಬಿ ನನ್ನನ್ನೇ ನೋಡ್ತಿದ್ಲು.

೪. ಅತ್ತೆ

ನಮ್ಮತ್ತೆ ಲಿಂಗಪೂಜೆ ಆಗದೆ ನೀರು ಮುಟ್ಟಲ್ಲ. ಕುಬುಸ ಮಾತ್ರ ಬೀಬಿ ಕೈಲೇ ಹೊಲಿಸೋದು. ನಾನು ಹೊಲಿದ್ರೆ ಕಂಕುಳಲ್ಲಿ ಹಿಡಿಯುತ್ತಂತೆ. ಬೀಬೀನ ಪಕ್ಕದಲ್ಲೇ ಕೂರಿಸಿಕೊಂಡು ಮೌಲ್ವಿಯೋರ ಪ್ರಶ್ನೆನೇ ಅತ್ತೇನ ಕೇಳಿದೆ.

"ಕೊರಳಲ್ಲಿ ಲಿಂಗ ಇಲ್ಲದೋಳಿಗೆ ಕೈಲಾಸ ಹೆಂಗೆ ಕೊಡ್ತಾರೆ?" ಅಂದ್ರು ಅತ್ತೆ.

ಬೀಬಿ ಕಣ್ಣು ತುಂಬಿ ಬಂತು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದೋರು ಗಾಬರಿಯಾಗಿ ತಲೆ ಎತ್ತಿದ್ರು.

"ತಡಿ, ತಡಿ. ಹಂಗಾದ್ರೆ ಅಲ್ಲಿ ನನ್ನ ಕುಬುಸ ಹೊಲಿಯೋರ್ಯಾರು?"

"ನಾನಿಲ್ವಾ ಅತ್ತೆ" ಅಂದೆ.

ಅತ್ತೆ ನನ್ನನ್ನ ಮೇಲಿಂದ ಕೆಳಗೆ ನೋಡಿ, ಬೀಬಿ ಕೈ ಹಿಡಕೊಂಡು, "ನೀನು ಬಾರವ್ವ. ಶಿವಂಗೆ ನಾನು ಹೇಳ್ತೀನಿ" ಅಂದ್ರು.